ಸೂಪರ್‌ಕೆಪಾಸಿಟರ್ ಎಲೆಕ್ಟ್ರೋಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಎಂ.ಎಸ್ಸಿ. ಪ್ರಾಜೆಕ್ಟಿಗೆ ಬರುವ ಮಕ್ಕಳು, ಸೋಲಾರ್ ಹಾಕಿಸಿಕೊಂಡ ನೆಂಟರು, ಎಲೆಕ್ಟ್ರಾನಿಕ್ಸ್ ಹುಚ್ಚಿನ ಗೆಳೆಯರು ಹಲವು ವರ್ಷಗಳಿಂದ ಕೇಳುತ್ತಲೇ ಇರುವ ಪ್ರಶ್ನೆಗಳಿವು. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಒಮ್ಮೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಎಂದು ಕುಳಿತೆ.

ಸೂಪರ್‌ಕೆಪಾಸಿಟರ್ ಅಂದರೆ ಏನು? ಅದೂ ಒಂದು ಬ್ಯಾಟರಿ ತಾನೆ?

ಅಲ್ಲ. ಎರಡೂ ವಿದ್ಯುತ್ತನ್ನು ಕೂಡಿಡುತ್ತವೆ, ಆದರೆ ಇಡುವ ಜಾಗ ಬೇರೆ. ಹಳ್ಳಿ ಮನೆಗೆ ಬರುವವರನ್ನು ನೆನಪಿಸಿಕೊಳ್ಳಿ. ಕೆಲವರು ಜಗಲಿ ಮೇಲೆ ಕೂತು, ನೀರು ಕುಡಿದು, ಮಾತಾಡಿ ಎದ್ದು ಹೋಗುತ್ತಾರೆ. ನೆಂಟರಾದರೆ ಚೀಲ ಹಿಡಿದು ನಡುಮನೆಗೇ ಬರುತ್ತಾರೆ, ಹಾಸಿಗೆ ಹಾಸಬೇಕು, ಹೊರಡುವುದೂ ನಿಧಾನ. ಲಿಥಿಯಂ ಬ್ಯಾಟರಿಯ ಅಯಾನುಗಳು (ಚಾರ್ಜು ಹೊತ್ತ ಕಣಗಳು) ನೆಂಟರ ಹಾಗೆ, ಎಲೆಕ್ಟ್ರೋಡಿನ (ಒಳಗಿನ ಫಲಕದ) ಹರಳಿನ ಒಳಗೇ ಹೋಗಿ ಸೇರಿಕೊಳ್ಳುತ್ತವೆ. ಅದರಿಂದ ಹೆಚ್ಚು ಶಕ್ತಿ ಹಿಡಿಸುತ್ತದೆ, ಆದರೆ ಒಳಗೆ ಹೋಗಿ ಹೊರಗೆ ಬರಲು ಹೊತ್ತು ಹಿಡಿಯುತ್ತದೆ, ಪ್ರತಿ ಸಲವೂ ಮನೆ ಒಂದಿಷ್ಟು ಸವೆಯುತ್ತದೆ. ಸೂಪರ್‌ಕೆಪಾಸಿಟರಿನ ಅಯಾನುಗಳು ಜಗಲಿ ದಾಟುವುದಿಲ್ಲ. ಎಲೆಕ್ಟ್ರೋಡಿನ ಮೇಲ್ಮೈಗೆ ಬಂದು ಒತ್ತಾಗಿ ನಿಲ್ಲುತ್ತವೆ, ಎದುರಿಗೆ ಕಾರ್ಬನ್ನಿನೊಳಗೆ ವಿರುದ್ಧ ಚಾರ್ಜು ಸೇರುತ್ತದೆ. ಈ ಎರಡು ಸಾಲುಗಳ ನಡುವಿನ ದೂರ ಒಂದು ನ್ಯಾನೋಮೀಟರಿಗೂ ಕಡಿಮೆ. ಇದಕ್ಕೆ ಜೋಡಿ ಪದರ ಎಂದು ಹೆಸರು. 1853ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಇದರ ಮೊದಲ ಚಿತ್ರ ಕೊಟ್ಟ.

ರಾಸಾಯನಿಕ ಬದಲಾವಣೆಯೇ ಇಲ್ಲದ್ದರಿಂದ ಸೆಕೆಂಡುಗಳಲ್ಲಿ ಚಾರ್ಜು ಆಗುತ್ತದೆ, ಹತ್ತು ಲಕ್ಷ ಸಲ ತುಂಬಿ ಖಾಲಿ ಮಾಡಿದರೂ ಬಾಳುತ್ತದೆ.

ಹಾಗಿದ್ದರೆ ಮೊಬೈಲಿಗೆ ಇದನ್ನೇ ಹಾಕಬಹುದಲ್ಲ?

ಲೆಕ್ಕ ಹಾಕೋಣ. ಮಾರುಕಟ್ಟೆಯಲ್ಲಿ ಸಿಗುವ ದೊಡ್ಡ ಸೆಲ್ಲು 3000 ಫ್ಯಾರಡ್, 2.7 ವೋಲ್ಟಿನದು, ತೂಕ ಸುಮಾರು ಅರ್ಧ ಕೆ.ಜಿ. ಧಾರಕತೆ ಅಂದರೆ ಪ್ರತಿ ವೋಲ್ಟಿಗೆ ಎಷ್ಟು ಚಾರ್ಜು ಹಿಡಿಸುತ್ತದೆ ಎಂಬ ಲೆಕ್ಕ, ಅದರ ಅಳತೆ ಫ್ಯಾರಡ್. ಧಾರಕತೆಯ ಅರ್ಧವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದರೆ ಅದರಲ್ಲಿರುವ ಶಕ್ತಿ ಸಿಗುತ್ತದೆ: ಸುಮಾರು 10,900 ಜೂಲ್, ಅಂದರೆ 3 ವ್ಯಾಟ್-ಅವರ್. ನಿಮ್ಮ ಜೇಬಿನಲ್ಲಿರುವ 5000 ಮಿಲಿಆಂಪ್-ಅವರ್ ಬ್ಯಾಟರಿಯಲ್ಲಿ ಹೆಚ್ಚೂಕಡಿಮೆ 19 ವ್ಯಾಟ್-ಅವರ್ ಇದೆ. ಅಷ್ಟಕ್ಕೆ ಇಂಥ ಆರೇಳು ಸೆಲ್ಲು ಬೇಕು. ಮೂರು ಕೆ.ಜಿ. ದಾಟಿತು! ಕಿವಿಗೆ ಹಿಡಿದು ಮಾತಾಡುವ ಹಾಗಿಲ್ಲ.

ಮತ್ತೆ ಎಲ್ಲಿ ಉಪಯೋಗ?

ಕಡಿಮೆ ಹೊತ್ತಿಗೆ ಹೆಚ್ಚು ಕರೆಂಟು ಬೇಕಾದ ಕಡೆ. ಗಾಳಿಯಂತ್ರದ ರೆಕ್ಕೆಗಳ ಕೋನ ತಿರುಗಿಸುವ ಮೋಟರಿಗೆ, ಬ್ರೇಕ್ ಹಾಕಿದಾಗ ಹುಟ್ಟುವ ಶಕ್ತಿಯನ್ನು ಹಿಡಿದಿಡಲು, ಏರ್‌ಬಸ್ ಎ380 ವಿಮಾನದ ಬಾಗಿಲುಗಳನ್ನು ತುರ್ತಿನಲ್ಲಿ ತೆರೆಯಲು. ಶಾಂಘೈಯಲ್ಲಿ 2006ರಿಂದ ಓಡಿದ ಬಸ್ಸುಗಳು ನಿಲ್ದಾಣದಲ್ಲಿ ಜನ ಹತ್ತಿ ಇಳಿಯುವಷ್ಟರಲ್ಲಿ ಚಾರ್ಜಾಗಿ ಮುಂದಿನ ನಿಲ್ದಾಣದವರೆಗೆ ಹೋಗುತ್ತಿದ್ದವು. ನಮ್ಮ ಪಕ್ಕದ ಕಣ್ಣೂರಿನಲ್ಲಿ ಕೇರಳ ಸರ್ಕಾರದ ಕಂಪನಿ ಕೆಲ್ಟ್ರಾನ್, ಇಸ್ರೋದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ತಂತ್ರಜ್ಞಾನ ಪಡೆದು 2024ರಲ್ಲಿ ತಯಾರಿಕಾ ಘಟಕ ತೆರೆಯಿತು.

ಎಲೆಕ್ಟ್ರೋಡಿಗೆ ಇದ್ದಿಲೇ ಯಾಕೆ? ಇನ್ನೇನೂ ಸಿಗಲಿಲ್ಲವೇ?

ಇದ್ದಿಲು ಅಂದರೆ ಒಲೆಯಿಂದ ತೆಗೆದದ್ದಲ್ಲ, ಆಕ್ಟಿವೇಟೆಡ್ ಕಾರ್ಬನ್. ನೀರಿನ ಫಿಲ್ಟರಿನಲ್ಲಿ ಇರುವುದರ ಸೋದರ ಸಂಬಂಧಿ, ಆದರೆ ಇನ್ನೂ ಶುದ್ಧ. ಇದರ ಒಂದು ಗ್ರಾಮಿನಲ್ಲಿ 1500ರಿಂದ 2000 ಚದರ ಮೀಟರ್ ಮೇಲ್ಮೈ ಇರುತ್ತದೆ. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ಅಂದಮೇಲೆ ಟೀ ಚಮಚದ ಒಂದು ಮೂಲೆಯಲ್ಲಿ ಕೂರುವ ಪುಡಿಯಲ್ಲಿ ಅರ್ಧ ಎಕರೆ ಜಮೀನು, ಅಷ್ಟೂ ಜಗಲಿಯೇ!

ಪ್ರತಿ ಚದರ ಸೆಂಟಿಮೀಟರಿಗೆ 10 ಮೈಕ್ರೋಫ್ಯಾರಡ್ ಎಂದು ಹಿಡಿದರೂ 2000 ಚದರ ಮೀಟರಿಗೆ 200 ಫ್ಯಾರಡ್ ಆಗಬೇಕು. ಎಲೆಕ್ಟ್ರೋಲೈಟ್ ಅಂದರೆ ಎಲೆಕ್ಟ್ರೋಡುಗಳ ನಡುವೆ ಇರುವ, ಅಯಾನು ತುಂಬಿದ ದ್ರವ. ಅದು ನೀರಿನದಾದರೆ ಒಳ್ಳೆಯ ಕಾರ್ಬನ್ ಹೆಚ್ಚೂಕಡಿಮೆ ಅಷ್ಟನ್ನು ಕೊಡುತ್ತದೆ. ಮಾರಾಟದ ಸೆಲ್ಲುಗಳಲ್ಲಿರುವ ಸಾವಯವ (ನೀರಿನ ಬದಲು ಕಾರ್ಬನ್ ಸಂಯುಕ್ತದ ದ್ರಾವಕವಿರುವ) ಎಲೆಕ್ಟ್ರೋಲೈಟಿನಲ್ಲಿ ಗ್ರಾಮಿಗೆ 100ರಿಂದ 120 ಫ್ಯಾರಡ್. ಜೊತೆಗೆ ಕಾರ್ಬನ್ ಅಗ್ಗ, ವಿದ್ಯುತ್ತನ್ನು ಹರಿಯಗೊಡುತ್ತದೆ, ಆಮ್ಲಕ್ಕೂ ಕ್ಷಾರಕ್ಕೂ ಬಗ್ಗುವುದಿಲ್ಲ. ಬೇರೆ ವಸ್ತುಗಳು ಇವುಗಳಲ್ಲಿ ಒಂದೆರಡು ಗುಣದಲ್ಲಿ ಗೆದ್ದು ಉಳಿದದ್ದರಲ್ಲಿ ಸೋಲುತ್ತವೆ.

ಮೊದಲು ಮಾಡಿದವರು ಯಾರು?

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಹೊವಾರ್ಡ್ ಬೆಕರ್. 1957ರಲ್ಲಿ ರಂಧ್ರಮಯ ಕಾರ್ಬನ್ ಎಲೆಕ್ಟ್ರೋಡುಗಳ ಕೆಪಾಸಿಟರಿಗೆ ಪೇಟೆಂಟ್ ಸಿಕ್ಕಿತು. ಇಷ್ಟೊಂದು ಧಾರಕತೆ ಎಲ್ಲಿಂದ ಬರುತ್ತಿದೆ ಎಂಬುದು ಸರಿಯಾಗಿ ಗೊತ್ತಿಲ್ಲ ಎಂದು ಪೇಟೆಂಟಿನಲ್ಲೇ ಬರೆದುಕೊಂಡಿದ್ದ. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. 1966ರಲ್ಲಿ ಓಹಾಯೋದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ರೈಟ್‌ಮೈರ್ ಅದನ್ನು ಮೇಲ್ಮೈಯ ಜೋಡಿ ಪದರಕ್ಕೆ ಗಂಟುಹಾಕಿದ. ಆ ಕಂಪನಿಗೆ ಮಾರುವ ಉಮೇದು ಇರಲಿಲ್ಲ, ಹಕ್ಕನ್ನು ಜಪಾನಿನ ಎನ್‌ಇಸಿಗೆ ಕೊಟ್ಟಿತು. ಅವರು 1978ರಲ್ಲಿ, ಕಂಪ್ಯೂಟರಿನ ಮೆಮೊರಿ ಉಳಿಸುವ ಪುಟ್ಟ ಸಾಧನವಾಗಿ, ‘ಸೂಪರ್‌ಕೆಪಾಸಿಟರ್’ ಎಂಬ ಹೆಸರಿಟ್ಟು ಅಂಗಡಿಗೆ ತಂದರು.

ತೆಂಗಿನ ಚಿಪ್ಪಿನಿಂದ ಮಾಡುತ್ತಾರಂತೆ, ನಿಜವೇ?

ನಿಜ. ಇವತ್ತಿಗೂ ವಾಣಿಜ್ಯ ಸೂಪರ್‌ಕೆಪಾಸಿಟರುಗಳ ದೊಡ್ಡ ಪಾಲಿನ ಕಾರ್ಬನ್ ಬರುವುದು ತೆಂಗಿನ ಚಿಪ್ಪಿನಿಂದಲೇ. ತಿಪಟೂರು ಕಡೆ ಕೊಬ್ಬರಿ ಒಡೆದ ಮೇಲೆ ರಾಶಿ ಬೀಳುವ, ನಮ್ಮಜ್ಜಿ ಸ್ನಾನದ ಹಂಡೆಯ ಒಲೆಗೆ ತುರುಕುತ್ತಿದ್ದ ಅದೇ ಚಿಪ್ಪು. ಅದರ ಗಟ್ಟಿತನಕ್ಕೆ ಕಾರಣವಾದ ಲಿಗ್ನಿನ್ ಹೆಚ್ಚು, ಬೂದಿ ತೀರ ಕಡಿಮೆ. ಗಾಳಿಯಿಲ್ಲದೆ ಸುಟ್ಟು ಇದ್ದಿಲು ಮಾಡಿ, ಆಮೇಲೆ 800 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖದಲ್ಲಿ ಹಬೆ ಹಾಯಿಸಿದರೆ ಹಬೆ ಕಾರ್ಬನ್ನನ್ನು ಒಳಗಿಂದ ಕೊರೆಯುತ್ತ ಹೋಗುತ್ತದೆ. ಉಳಿಯುವುದು ನ್ಯಾನೋಮೀಟರ್ ಅಳತೆಯ ರಂಧ್ರಗಳ ಜಾಲ.

ಪ್ರಯೋಗಾಲಯಗಳಲ್ಲಿ ಹಬೆಯ ಬದಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ 700ರಿಂದ 900 ಡಿಗ್ರಿಗೆ ಕಾಯಿಸುವುದು ರೂಢಿ. ಮೇಲ್ಮೈ 3000 ಚದರ ಮೀಟರಿನ ಹತ್ತಿರಕ್ಕೂ ಹೋಗುತ್ತದೆ. ಆದರೆ ತೊಳೆಯುವುದಿದೆಯಲ್ಲ, ಅದು ಸಾಕುಬೇಕು ಅನ್ನಿಸುತ್ತದೆ. ಆಮ್ಲದಲ್ಲಿ ಒಮ್ಮೆ, ಆಮೇಲೆ ಲಿಟ್ಮಸ್ ಬಣ್ಣ ಬದಲಿಸದ ತನಕ ಬಿಸಿನೀರು. ಬೇಸತ್ತು ಮಧ್ಯದಲ್ಲೇ ಬಿಟ್ಟ ಸ್ಯಾಂಪಲ್ಲುಗಳಲ್ಲಿ ಉಳಿದ ಪೊಟ್ಯಾಸಿಯಂ ಆಮೇಲೆ ಆಡುವ ಆಟ ನೋಡಿದ್ದೇನೆ.

ಅಡಿಕೆ ಸಿಪ್ಪೆ, ಕಾಫಿ ಸಿಪ್ಪೆ, ಭತ್ತದ ಹೊಟ್ಟಿನಿಂದಲೂ ಆಗುತ್ತದೆಯೇ?

ಆಗುತ್ತದೆ, ಕಾರ್ಬನ್ ಇರುವ ಯಾವುದರಿಂದಲೂ ಆಗುತ್ತದೆ. ‘ಇಂಥ ಎಲೆಯಿಂದ ಸೂಪರ್‌ಕೆಪಾಸಿಟರ್’ ಎಂಬ ಲೇಖನಗಳನ್ನು ಪೇರಿಸಿದರೆ ಒಂದು ಬೀರು ತುಂಬೀತು. ಕಚ್ಚಾವಸ್ತುವಿನ ಹೆಸರು ಬದಲಿಸಿದ ಮಾತ್ರಕ್ಕೆ ಹೊಸ ವಿಜ್ಞಾನ ಹುಟ್ಟುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕೇಳಬೇಕಾದ್ದು ಬೇರೆ: ನೂರು ಕೆ.ಜಿ. ಸಿಪ್ಪೆಗೆ ಕೊನೆಗೆ ಎಷ್ಟು ಕಾರ್ಬನ್ ಉಳಿಯಿತು? ಬೂದಿ ಎಷ್ಟು? ಈ ವರ್ಷದ ಸಿಪ್ಪೆಗೂ ಬರುವ ವರ್ಷದ ಸಿಪ್ಪೆಗೂ ಒಂದೇ ಗುಣ ಇರುತ್ತದೆಯೇ? ಭತ್ತದ ಹೊಟ್ಟಿನಲ್ಲಿ ಸಿಲಿಕಾ ತುಂಬಿಕೊಂಡಿರುತ್ತದೆ, ಅದನ್ನು ತೆಗೆಯಲು ಬೇರೆಯೇ ಕೆಲಸ. ತೆಂಗಿನ ಚಿಪ್ಪು ಗೆದ್ದಿರುವುದು ಇಂಥ ಬೇಸರದ ಪ್ರಶ್ನೆಗಳಲ್ಲಿ.

ಮೇಲ್ಮೈ ಹೆಚ್ಚಿಸುತ್ತ ಹೋದಷ್ಟೂ ಧಾರಕತೆ ಹೆಚ್ಚಬೇಕಲ್ಲ?

ಬಹಳ ಕಾಲ ಹಾಗೇ ಅಂದುಕೊಂಡಿದ್ದರು. ಅಯಾನು ಒಂಟಿಯಾಗಿ ತಿರುಗುವುದಿಲ್ಲ, ದ್ರಾವಕದ ಅಣುಗಳನ್ನು ಕಂಬಳಿಯ ಹಾಗೆ ಹೊದ್ದಿರುತ್ತದೆ. ಸಾವಯವ ಎಲೆಕ್ಟ್ರೋಲೈಟಿನ ಟೆಟ್ರಾಈಥೈಲ್ ಅಮೋನಿಯಂ ಅಯಾನಿನ ಬರೀ ಮೈ ಸುಮಾರು 0.7 ನ್ಯಾನೋಮೀಟರ್, ಕಂಬಳಿ ಸೇರಿದರೆ 1.3. ಹಾಗಾಗಿ ಒಂದು ನ್ಯಾನೋಮೀಟರಿಗಿಂತ ಚಿಕ್ಕ ರಂಧ್ರ ದಂಡಕ್ಕೆ ಇದೆ, ಅಯಾನು ಅದರೊಳಗೆ ಹೋಗದು ಎಂಬುದೇ ಪಾಠವಾಗಿತ್ತು.

2006ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಯೂರಿ ಗೊಗೊಟ್ಸಿ ಮತ್ತು ಫ್ರಾನ್ಸಿನ ಟುಲೂಸಿನ ಪ್ಯಾಟ್ರಿಸ್ ಸಿಮೋನ್ ತಂಡಗಳು ಈ ಪಾಠವನ್ನು ತಲೆಕೆಳಗು ಮಾಡಿದವು. ಟೈಟಾನಿಯಂ ಕಾರ್ಬೈಡಿನಿಂದ ಲೋಹವನ್ನು ಕ್ಲೋರಿನ್ನಿನಲ್ಲಿ ತೆಗೆದು, ರಂಧ್ರದ ಅಳತೆಯನ್ನು ಬೇಕಾದಷ್ಟಕ್ಕೆ ಹೊಂದಿಸಿದ ಕಾರ್ಬನ್ ಮಾಡಿದರು. ರಂಧ್ರ ಒಂದು ನ್ಯಾನೋಮೀಟರಿಗಿಂತ ಕಿರಿದಾದ ಮೇಲೆ ಧಾರಕತೆ ಇಳಿಯಬೇಕಿತ್ತು, ಅದು ಏರಿತು. ಅಯಾನು ಕಂಬಳಿಯನ್ನು ಭಾಗಶಃ ಕಳಚಿಟ್ಟು ಒಳಗೆ ನುಸುಳುತ್ತದೆ, ಗೋಡೆಗೆ ಇನ್ನೂ ಹತ್ತಿರ ನಿಲ್ಲುತ್ತದೆ. ಹತ್ತಿರವಾದಷ್ಟೂ ಧಾರಕತೆ ಹೆಚ್ಚು.

ಹಾಗಂತ ಬರೀ ಸಣ್ಣ ರಂಧ್ರ ಇದ್ದರೆ ಸಾಲದು. ಸಂದುಗೊಂದಿಗೆ ಹೋಗಲು ಮೊದಲು ಮುಖ್ಯರಸ್ತೆ ಬೇಕು. ಎರಡು ನ್ಯಾನೋಮೀಟರಿಗಿಂತ ದೊಡ್ಡ ರಂಧ್ರಗಳು ಅಯಾನನ್ನು ಒಳಗೆ ಕರೆದೊಯ್ಯುತ್ತವೆ, ಸಣ್ಣವು ಹಿಡಿದಿಟ್ಟುಕೊಳ್ಳುತ್ತವೆ.

ಗ್ರಾಫೀನ್ ಬಂದರೆ ಎಲ್ಲ ಬದಲಾಗುತ್ತದೆ ಎಂದಿದ್ದರಲ್ಲ?

ಗ್ರಾಫೀನ್ ಅಂದರೆ ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ. ಲೆಕ್ಕದಲ್ಲಿ ಗ್ರಾಮಿಗೆ 2630 ಚದರ ಮೀಟರ್, 550 ಫ್ಯಾರಡ್. ಕೈಗೆ ಸಿಕ್ಕಿದ್ದು ಅದರ ಕಾಲು, ಹೆಚ್ಚೆಂದರೆ ಅರ್ಧ. ಹಾಳೆಗಳು ಒಣಗುವಾಗ ಮಳೆಗೆ ನೆನೆದ ನೋಟ್‌ಬುಕ್ಕಿನ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟದ ಹಾಗೆ ಬಿಡಿಸಿಟ್ಟರೆ ಪುಡಿ ಅರಳಿದ ಹತ್ತಿಯಂತಾಗಿ, ಗ್ರಾಮಿನ ಲೆಕ್ಕ ಚೆನ್ನಾಗಿದ್ದರೂ ಡಬ್ಬಿ ತುಂಬಿ ಹೋಗುತ್ತದೆ.

ನಮ್ಮವರ ಕೆಲಸ ಈ ವಿಷಯದಲ್ಲಿ ಬೇಗನೆ ಬಂದದ್ದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್ ಅವರ ತಂಡ 2008ರಲ್ಲೇ ಗ್ರಾಫೀನ್ ಸೂಪರ್‌ಕೆಪಾಸಿಟರ್ ಬಗ್ಗೆ ಪ್ರಕಟಿಸಿತು. ಗಂಧಕಾಮ್ಲದಲ್ಲಿ ಗ್ರಾಮಿಗೆ 117 ಫ್ಯಾರಡ್. ಅಯಾನಿಕ ದ್ರವದಲ್ಲಿ (ದ್ರಾವಕವಿಲ್ಲದ, ಬರೀ ಅಯಾನುಗಳೇ ಆದ ದ್ರವ) ಅದು 75ಕ್ಕೆ ಇಳಿಯಿತು, ಆದರೆ ವೋಲ್ಟೇಜು 1ರಿಂದ 3.5ಕ್ಕೆ ಏರಿದ್ದರಿಂದ ಶಕ್ತಿ ಹಲವು ಪಟ್ಟು ಹೆಚ್ಚಿತು. ಫ್ಯಾರಡ್ ಒಂದನ್ನೇ ನೋಡಬಾರದು ಎಂಬುದಕ್ಕೆ ಕ್ಲಾಸಿನಲ್ಲಿ ಈ ಉದಾಹರಣೆಯನ್ನೇ ಕೊಡುತ್ತೇನೆ.

ಸ್ಯೂಡೋಕೆಪಾಸಿಟರ್ ಅಂದರೆ ಸುಳ್ಳು ಕೆಪಾಸಿಟರೇ?

ಹೆಸರು ಹಾಗಿದ್ದರೂ ಕೆಲಸ ಸುಳ್ಳಲ್ಲ. ಇಲ್ಲಿ ಅಯಾನು ಜಗಲಿಯಿಂದ ಎದ್ದು ಹೊಸ್ತಿಲವರೆಗೆ ಬರುತ್ತದೆ. ಮೇಲ್ಮೈಯಲ್ಲೇ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ವೇಗದ ಕ್ರಿಯೆ ನಡೆಯುತ್ತದೆ, ಆದರೆ ಅಳೆದರೆ ಗ್ರಾಫು ಕೆಪಾಸಿಟರಿನ ಹಾಗೇ ಓರೆಯಾದ ಸರಳರೇಖೆ. 1971ರಲ್ಲಿ ಇಟಲಿಯ ಟ್ರಸಾಟಿ ಮತ್ತು ಬುಜ್ಜಾಂಕ ರುಥೇನಿಯಂ ಆಕ್ಸೈಡಿನಲ್ಲಿ ಇದನ್ನು ಗುರುತಿಸಿದರು. ಕೆನಡಾದ ಬ್ರಯಾನ್ ಕಾನ್ವೆ ಇದನ್ನು ಶಾಸ್ತ್ರವಾಗಿ ಬೆಳೆಸಿದ. ನೀರಿನಂಶ ಉಳಿಸಿಕೊಂಡ ರುಥೇನಿಯಂ ಆಕ್ಸೈಡ್ 1995ರಲ್ಲಿ ಗ್ರಾಮಿಗೆ 720 ಫ್ಯಾರಡ್ ಕೊಟ್ಟಿತು. ಚಿನ್ನದಂಥ ವಸ್ತು, ಬೆಲೆಯಲ್ಲೂ ಹಾಗೇ. ಪ್ಲಾಟಿನಂ ಗಣಿಯ ಉಪ ಉತ್ಪನ್ನವಾಗಿ ಸಿಗುವ ಅಪರೂಪದ ಲೋಹವನ್ನು ಸೇನೆ ಬಳಸಬಹುದು, ಬಸ್ಸಿಗೆ ಹಾಕಲಾಗದು.

ಬಡವರ ರುಥೇನಿಯಂ ಅಂದರೆ ಮ್ಯಾಂಗನೀಸ್ ಡೈಆಕ್ಸೈಡ್. ಟಾರ್ಚಿನ ಹಳೇ ಸೆಲ್ಲು ಒಡೆದರೆ ಕೈಗೆ ಮೆತ್ತಿಕೊಳ್ಳುವ ಕಪ್ಪು ಪುಡಿಯಲ್ಲಿ ಇದೇ ಮುಖ್ಯ. ಗುಡ್‌ಇನಫ್ ಮತ್ತು ಲೀ 1999ರಲ್ಲಿ ಬರೀ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇದರಿಂದ ಸುಮಾರು 200 ಫ್ಯಾರಡ್ ತೆಗೆದರು. ಲೆಕ್ಕದಲ್ಲಿ 1370ರವರೆಗೆ ಹೋಗಬೇಕು. ಆದರೆ ಇದರಲ್ಲಿ ವಿದ್ಯುತ್ತು ಸಲೀಸಾಗಿ ಹರಿಯದು, ಪದರ ದಪ್ಪವಾದಂತೆ ಒಳಗಿನದು ಕೆಲಸಕ್ಕೆ ಬಾರದೆ ಕುಳಿತಿರುತ್ತದೆ.

ನಿಕ್ಕಲ್ ಹೈಡ್ರಾಕ್ಸೈಡಿನಿಂದ ಗ್ರಾಮಿಗೆ 2000 ಫ್ಯಾರಡ್ ಬಂತು ಎಂದು ಓದಿದೆ. ಕಾರ್ಬನ್ ಯಾಕೆ ಬೇಕು?

ಈ ಪ್ರಶ್ನೆಗೆ ಸ್ವಲ್ಪ ಕೂತು ಉತ್ತರಿಸಬೇಕು.

ಮೊದಲನೆಯದಾಗಿ, ಅದು ಕೆಪಾಸಿಟರೇ ಅಲ್ಲ. ನಿಕ್ಕಲ್ ಹೈಡ್ರಾಕ್ಸೈಡ್ ಹಳೆಯ ಕ್ಷಾರೀಯ ಬ್ಯಾಟರಿಗಳ ಎಲೆಕ್ಟ್ರೋಡ್, ನಡುಮನೆಯ ನೆಂಟ. ಡಿಸ್ಚಾರ್ಜ್ ಗ್ರಾಫು ಓರೆಯಾಗಿ ಇಳಿಯದೆ ಒಂದು ವೋಲ್ಟೇಜಿನಲ್ಲಿ ಚಪ್ಪಟೆಯಾಗಿ ನಿಲ್ಲುತ್ತದೆ. ಅದರ ಪೂರ್ಣ ಸಾಮರ್ಥ್ಯ ಗ್ರಾಮಿಗೆ 289 ಮಿಲಿಆಂಪ್-ಅವರ್, ಅಂದರೆ 1040 ಕೂಲಂಬ್. ಇದನ್ನು 0.5 ವೋಲ್ಟಿನಿಂದ ಭಾಗಿಸಿ, 2080 ಫ್ಯಾರಡ್. 0.4ರಿಂದ ಭಾಗಿಸಿ, 2600! ವಸ್ತು ಅದೇ, ಅಳೆಯುವ ವೋಲ್ಟೇಜಿನ ಕಿಟಕಿ ಕಿರಿದಾಯಿತು ಅಷ್ಟೇ. ಇಂಥದ್ದನ್ನು ಫ್ಯಾರಡಿನಲ್ಲಿ ಹೇಳಬೇಡಿ, ಕೂಲಂಬಿನಲ್ಲಿ ಹೇಳಿ ಎಂದು ಬ್ರೂಸ್, ಬೆಲಾಂಜೆ, ಲಾಂಗ್ ಮೂವರೂ ಸೇರಿ 2015ರಲ್ಲಿ ಬರೆದರು. ಕೇಳಿದವರು ಕಡಿಮೆ.

ಎರಡನೆಯದು ನಮ್ಮದೇ ಲ್ಯಾಬಿನ ಕಥೆ. ಹುಡುಗನೊಬ್ಬ ಹೊಸ ಆಕ್ಸೈಡ್ ಮಾಡಿ ತಂದ. ಒಂದು ಸೆಂಟಿಮೀಟರ್ ಚೌಕದ ನಿಕ್ಕಲ್ ಫೋಮಿಗೆ (ಸ್ಪಂಜಿನಂಥ ಲೋಹದ ಹಾಳೆಗೆ) ಬ್ರಷ್ಷಿನಲ್ಲಿ ಬಳಿದು, ರಾತ್ರಿಯಿಡೀ 80 ಡಿಗ್ರಿಯಲ್ಲಿ ಒಣಗಿಸಿ, ಬೆಳಿಗ್ಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಅದ್ದಿದ. ಗ್ರಾಫಿನಲ್ಲಿ ಎರಡು ಚೆಂದದ ಗುಡ್ಡ, 1400 ಫ್ಯಾರಡ್. ಇಡೀ ಲ್ಯಾಬಿಗೆ ಸಮೋಸ ಬಂತು. ಮಧ್ಯಾಹ್ನ ‘ಬರೀ ಫೋಮನ್ನು ಒಂದು ಸಲ ಓಡಿಸಪ್ಪ’ ಎಂದೆ. ಏನನ್ನೂ ಬಳಿಯದ ಫೋಮಿನಲ್ಲೂ ಅದೇ ಎರಡು ಗುಡ್ಡ ಎದ್ದು ಕೂತವು. ಆಮ್ಲದಲ್ಲಿ ತೊಳೆದ ಫೋಮಿನ ಮೈಮೇಲೆ ಹುಟ್ಟಿದ ನಿಕ್ಕಲ್ ಹೈಡ್ರಾಕ್ಸೈಡ್ ಅದು. ಮತ್ತೆ ತೂಕ: ಬಳಿದದ್ದು 0.4 ಮಿಲಿಗ್ರಾಂ, ತಕ್ಕಡಿ ತೋರಿಸುವ ಕನಿಷ್ಠ ಅಳತೆ 0.1. ತೂಕದಲ್ಲೇ ಕಾಲು ಭಾಗ ಅನುಮಾನ! ಗ್ರ್ಯಾಫೈಟ್ ಹಾಳೆಯ ಮೇಲೆ, ಐದು ಮಿಲಿಗ್ರಾಂ ಬಳಿದು ಮತ್ತೆ ಮಾಡಿದಾಗ 160 ಫ್ಯಾರಡ್ ಬಂತು. ಆ ವಾರ ಹುಡುಗ ನನ್ನ ಮುಖ ನೋಡಲಿಲ್ಲ.

ಮೂರನೆಯದು ನಾಲ್ಕರ ಭಾಗಾಕಾರ. ಒಂದೇ ಎಲೆಕ್ಟ್ರೋಡನ್ನು ಮೂರು ಎಲೆಕ್ಟ್ರೋಡಿನ ವ್ಯವಸ್ಥೆಯಲ್ಲಿ (ಉಳಿದೆರಡು ಅಳತೆಯ ಸಹಾಯಕ್ಕೆ ಮಾತ್ರ) ಅಳೆದು ಗ್ರಾಮಿಗೆ 200 ಫ್ಯಾರಡ್ ಬಂತು ಅನ್ನಿ. ಸೆಲ್ಲಿನಲ್ಲಿ ಅಂಥವು ಎರಡು, ಅದೂ ಸರಣಿಯಲ್ಲಿ. ಧಾರಕತೆ ಅರ್ಧ, ತೂಕ ಎರಡು ಪಟ್ಟು. ಸೆಲ್ಲಿನ ಲೆಕ್ಕ 50. ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ಸೆಪರೇಟರ್ (ಎರಡು ಎಲೆಕ್ಟ್ರೋಡುಗಳನ್ನು ತಾಗದಂತೆ ಇಡುವ ಪೊರೆ), ಎಲೆಕ್ಟ್ರೋಲೈಟ್, ಡಬ್ಬಿ. ಮಾರಾಟದ ಸೆಲ್ಲಿನಲ್ಲಿ ಕಾರ್ಬನ್ನಿನ ತೂಕ ಮೂರನೇ ಒಂದು ಭಾಗದ ಆಸುಪಾಸು. ಅದಕ್ಕೇ ಕೆ.ಜಿ.ಗೆ 100ರ ಮೇಲಿನ ವ್ಯಾಟ್-ಅವರ್ ಬಗ್ಗೆ ಯಾರಾದರೂ ಬರೆದರೆ ನಾನು ಮೊದಲು ನೋಡುವುದು ಎಲೆಕ್ಟ್ರೋಡ್ ಪದರದ ದಪ್ಪ. ಪದರ ತೆಳುವಾದರೆ ಈ ಉಳಿದದ್ದರ ತೂಕದ ಪಾಲೇ ಹೆಚ್ಚು. ಕಾರ್ಖಾನೆಯಲ್ಲಿ ಅದು 100ರಿಂದ 200 ಮೈಕ್ರಾನ್.

ಪಾಲಿಅನಿಲೀನ್? ಮ್ಯಾಕ್ಸೀನ್?

ಪಾಲಿಅನಿಲೀನ್ ವಿದ್ಯುತ್ ಹರಿಸುವ ಪಾಲಿಮರ್. ಮಾಡುವುದು ಸುಲಭ, ಮೊದಲ ದಿನ ಅದ್ಭುತ. ಚಾರ್ಜಾದಾಗ ಉಬ್ಬಿ, ಖಾಲಿಯಾದಾಗ ಕುಗ್ಗಿ, ಸಾವಿರ ಸುತ್ತಿನೊಳಗೆ ಬಿರುಕು ಬಿಡತೊಡಗುತ್ತದೆ.

ಮ್ಯಾಕ್ಸೀನ್ ಬಗ್ಗೆ ನನಗೆ ಹೆಚ್ಚು ಆಸೆಯಿದೆ. 2011ರಲ್ಲಿ ಡ್ರೆಕ್ಸೆಲಿನಲ್ಲೇ ಹುಟ್ಟಿದ್ದು. ಟೈಟಾನಿಯಂ, ಅಲ್ಯೂಮಿನಿಯಂ, ಕಾರ್ಬನ್ ಪದರಗಳ ವಸ್ತುವಿನಿಂದ ಅಲ್ಯೂಮಿನಿಯಂ ಪದರವನ್ನಷ್ಟೇ ಆಮ್ಲದಲ್ಲಿ ಕರಗಿಸಿದರೆ ಉಳಿಯುವ ತೆಳು ಹಾಳೆಗಳು. 2014ರಲ್ಲಿ ಅದನ್ನು ಜೇಡಿಮಣ್ಣಿನ ಹಾಗೆ ನಾದಿ, ಲಟ್ಟಿಸಿ ಎಲೆಕ್ಟ್ರೋಡ್ ಮಾಡಿದರು. ಘನ ಸೆಂಟಿಮೀಟರಿಗೆ 900 ಫ್ಯಾರಡ್ ವರೆಗೆ ಬಂತು. ಸಣ್ಣ ಜಾಗಕ್ಕೆ ಇದಕ್ಕಿಂತ ಬೇಕೆ? ತೊಂದರೆ ಎಂದರೆ ನೀರು, ಗಾಳಿ ತಾಗಿದರೆ ನಿಧಾನವಾಗಿ ಆಕ್ಸೈಡಾಗಿ ಕೆಡುತ್ತದೆ.

ಎಲ್ಲ ಸೆಲ್ಲಿಗೂ 2.7 ವೋಲ್ಟ್ ಯಾಕೆ?

ಎಲೆಕ್ಟ್ರೋಲೈಟ್ ತಡೆಯುವುದೇ ಅಷ್ಟು. ನೀರು 1.23 ವೋಲ್ಟಿಗೆ ಒಡೆಯತೊಡಗುತ್ತದೆ, ಆದ್ದರಿಂದ ನೀರಿನ ಸೆಲ್ಲು ಸಾಮಾನ್ಯವಾಗಿ 1 ವೋಲ್ಟಿಗೆ ನಿಲ್ಲುತ್ತದೆ. ಅಸಿಟೋನೈಟ್ರೈಲ್ ಅಥವಾ ಪ್ರೊಪಿಲೀನ್ ಕಾರ್ಬೊನೇಟ್ ಎಂಬ ಸಾವಯವ ದ್ರಾವಕಗಳಲ್ಲಿ 2.7. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಸರಿಯಾಗಿ ಏರುವುದರಿಂದ ಇದು ಏಳು ಪಟ್ಟಿಗೂ ಹೆಚ್ಚಿನ ಲಾಭ. ಮಿತಿ ಮೀರಿದರೆ ಕಾರ್ಬನ್ನಿನ ಮೇಲ್ಮೈಯ ಆಮ್ಲಜನಕದ ಗುಂಪುಗಳು, ಉಳಿದ ಒಂದಿಷ್ಟು ತೇವ ಮೊದಲು ಕೆಟ್ಟು, ಅನಿಲವಾಗಿ ಡಬ್ಬಿ ಉಬ್ಬುತ್ತದೆ. ಶಾಖವೂ ಶತ್ರುವೇ: 10 ಡಿಗ್ರಿ ಏರಿದರೆ ಆಯುಷ್ಯ ಅರ್ಧ ಎಂಬುದು ಕಸುಬಿನವರ ಲೆಕ್ಕ.

ಒಂದು ಕಡೆ ಬ್ಯಾಟರಿ ಎಲೆಕ್ಟ್ರೋಡ್, ಇನ್ನೊಂದು ಕಡೆ ಕಾರ್ಬನ್ ಹಾಕಿದರೆ?

ಅದೇ ಹೈಬ್ರಿಡ್. ಲಿಥಿಯಂ ತುಂಬಿದ ಗ್ರ್ಯಾಫೈಟ್ ಮತ್ತು ಆಕ್ಟಿವೇಟೆಡ್ ಕಾರ್ಬನ್ ಸೇರಿ 3.8 ವೋಲ್ಟಿನ ಲಿಥಿಯಂ ಅಯಾನ್ ಕೆಪಾಸಿಟರ್ ಆಗುತ್ತದೆ, ಪೇಟೆಯಲ್ಲೂ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ. ಶುಕ್ಲಾ ಅವರ ತಂಡ ಸೀಸದ ಡೈಆಕ್ಸೈಡ್ ಮತ್ತು ಕಾರ್ಬನ್ ಜೋಡಿಸಿ ಗಂಧಕಾಮ್ಲದ ಹೈಬ್ರಿಡ್ ಮಾಡಿತ್ತು.

ಪ್ರಾಜೆಕ್ಟಿಗೆ ಯಾವ ವಸ್ತು ಆರಿಸಲಿ?

ಕೊಂಡ ಆಕ್ಟಿವೇಟೆಡ್ ಕಾರ್ಬನ್ನಿನಿಂದ ಶುರು ಮಾಡಿ. ಎಂಟು ಪಾಲು ಅದು, ಒಂದು ಪಾಲು ಕಾರ್ಬನ್ ಬ್ಲ್ಯಾಕ್ (ವಿದ್ಯುತ್ ಹರಿಸುವ ನುಣ್ಣನೆ ಮಸಿ), ಒಂದು ಪಾಲು ಬೈಂಡರ್ (ಪುಡಿಯನ್ನು ಹಿಡಿದಿಡುವ ಅಂಟು). ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಹಾಳೆಯ ಮೇಲೆ ಎಳೆದು, ಒಣಗಿಸಿ, ಒತ್ತಿ. ಒಣಗುವಾಗ ಬಿರುಕು ಬಿಟ್ಟರೆ ಹಿಟ್ಟು ನೀರಾಯಿತು ಅಥವಾ ಶಾಖ ಜೋರಾಯಿತು. ಇದರಿಂದ ಎಲ್ಲರಿಗೂ ಬರುವ ಫಲಿತಾಂಶ ನಿಮಗೂ ಬಂದ ಮೇಲೆ ನಿಮ್ಮ ಅಡಿಕೆ ಸಿಪ್ಪೆಗೆ ಕೈಹಾಕಿ.

3000 ಫ್ಯಾರಡಿನ ಸೆಲ್ಲು ತರಿಸಿದ್ದೇನೆ. ಕೈಯಲ್ಲಿ ಮುಟ್ಟಬಹುದೇ?

2.7 ವೋಲ್ಟಿಗೆ ಶಾಕ್ ಹೊಡೆಯುವುದಿಲ್ಲ. ಆದರೆ ಒಳಗಿನ ರೋಧ 0.3 ಮಿಲಿಓಮಿನಷ್ಟು. ಎರಡು ತುದಿಗೆ ಸ್ಪ್ಯಾನರ್ ಅಡ್ಡ ಬಿದ್ದರೆ ಸಾವಿರಾರು ಆಂಪಿಯರ್ ನುಗ್ಗಿ ಅಲ್ಲೇ ಬೆಸುಗೆಯಾಗುತ್ತದೆ. ಬಳೆ, ಉಂಗುರ ತೆಗೆದಿಡಿ. ಖಾಲಿ ಮಾಡಲು 1 ಓಮ್, 10 ವ್ಯಾಟಿನ ರೆಸಿಸ್ಟರ್ ಕಟ್ಟಿ ಬಿಟ್ಟುಬಿಡಿ. 50 ನಿಮಿಷಕ್ಕೆ ವೋಲ್ಟೇಜು 1ಕ್ಕೆ ಇಳಿಯುತ್ತದೆ, ಪೂರ್ತಿ ಇಳಿಯಲು ನಾಲ್ಕೈದು ಗಂಟೆ ಬೇಕು. ಮೀಟರ್ ಸೊನ್ನೆ ತೋರಿಸಿತೆಂದು ರೆಸಿಸ್ಟರ್ ಬಿಚ್ಚಿಟ್ಟು ಊಟ ಮುಗಿಸಿ ಬನ್ನಿ, ವೋಲ್ಟೇಜು ತಾನಾಗಿಯೇ ಒಂದಿಷ್ಟು ಮೇಲೆದ್ದಿರುತ್ತದೆ. ಆಳದ ಸಣ್ಣ ರಂಧ್ರಗಳಲ್ಲಿ ಉಳಿದಿದ್ದ ಅಯಾನುಗಳು ಈಗ ಹೊರಗೆ ಬರುತ್ತಿವೆ. ಅದಕ್ಕೇ ಎತ್ತಿಡುವಾಗ ಎರಡು ತುದಿಗೂ ಒಂದು ತಂತಿ ಸುತ್ತಿಯೇ ಕಪಾಟಿಗೆ ಸೇರಿಸುವುದು.